ಸ್ಕಾಟ್ಲೆಂಡಿನ ಹಳೆಯ ದೊಡ್ಡ ಮನೆಗಳಲ್ಲಿ ಬಾಳಿದವರು ಇಲ್ಲಿ ಯಾರಾದರೂ ಇದ್ದೀರಾ?

ಡೀ ದಂಡೆಯವಳು (ಶನಿವಾರ, ರಾತ್ರಿ 9.20)

ಕಳೆದ ವಾರ ಅಮ್ಮನ ಟ್ರಂಕು ತೆಗೆದಾಗ ಒಂದು ಫೋಟೊ ಸಿಕ್ಕಿತು. ಹಿಂದೆ ಬೂದು ಗ್ರಾನೈಟಿನ ಭಾರಿ ಮನೆ, ಮೂಲೆಗಳಲ್ಲಿ ಮೆಣಸಿನ ಡಬ್ಬಿಯಂಥ ಗೋಪುರಗಳು, ಲೆಕ್ಕವಿಲ್ಲದಷ್ಟು ಚಿಮಣಿಗಳು. ಎದುರಿಗೆ ಅಮ್ಮ. ಸೀರೆಯ ಮೇಲೆ ಅಪ್ಪನ ಓವರ್‌ಕೋಟು, ಕಾಲಿಗೆ ಗಮ್ ಬೂಟು, ಕೈಯಲ್ಲಿ ತಗಡಿನ ಬಕೆಟ್ಟು. ಫೋಟೊದ ಬೆನ್ನಿಗೆ ಅಪ್ಪನ ಅಕ್ಷರದಲ್ಲಿ 'ಜನವರಿ 1982' ಎಂದಷ್ಟೇ ಇದೆ. ಆ ಬಕೆಟ್ಟಿನ ಕಥೆಯನ್ನು ಆಮೇಲೆ ಹೇಳುತ್ತೇನೆ.

ಅಬರ್ಡೀನಿನಿಂದ ಡೀ ನದಿಯ ದಂಡೆ ಹಿಡಿದು ಪಶ್ಚಿಮಕ್ಕೆ ಹೋದರೆ ಅಬೋಯ್ನ್, ಬ್ಯಾಲಟರ್ ಎಂಬ ಊರುಗಳು ಸಿಗುತ್ತವೆ. ಅವುಗಳ ನಡುವೆ ಎಲ್ಲೋ ಆ ಮನೆ. ಹೆಸರು ಬರೆಯುವುದಿಲ್ಲ, ಈಗ ಅಲ್ಲಿ ಬೇರೆ ಜನ ಇದ್ದಾರೆ. ಅಪ್ಪ ಹತ್ತಿರದ ಆಸ್ಪತ್ರೆಯೊಂದರಲ್ಲಿ ವೈದ್ಯರು. 1979ರಿಂದ 1983ರವರೆಗೆ ಆ ಮನೆಯ ಪೂರ್ವದ ಭಾಗದಲ್ಲಿ ನಾವು ಬಾಡಿಗೆಗೆ ಇದ್ದೆವು. ಉಳಿದ ಮನೆಯಲ್ಲಿ ಎಪ್ಪತ್ತು ದಾಟಿದ ಒಡತಿ, ಎರಡು ನಾಯಿ. ಊರಿನವರು ಮನೆಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಬಿಗ್ ಹೂಸ್' (ಅಂದರೆ ಬಿಗ್ ಹೌಸ್) ಎನ್ನುತ್ತಿದ್ದರು. ತೀರ್ಥಹಳ್ಳಿ ಕಡೆಯ ಅಮ್ಮನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮಲ್ಲೂ ದೊಡ್ಡಮನೆ ಎಂದರೆ ಯಾರ ಮನೆ ಎಂದು ಕೇಳುವವರುಂಟೇ!

ಒಂದು ಮಳೆಯ ಭಾನುವಾರ (ಅಲ್ಲಿ ಬೇರೆ ಬಗೆಯ ಭಾನುವಾರಗಳು ಕಡಿಮೆ) ನಾನು, ತಮ್ಮ ಸೇರಿ ಬಾಗಿಲುಗಳನ್ನು ಎಣಿಸಲು ಹೊರಟು 61ಕ್ಕೆ ಬೇಸತ್ತು ಬಿಟ್ಟೆವು. ಆದರೆ ಬದುಕಿದ್ದೆಲ್ಲ ಒಂದೇ ಕೋಣೆಯಲ್ಲಿ. ಅಡುಗೆಮನೆಯಲ್ಲಿ ಕಲ್ಲಿದ್ದಲಿನ ರೇಬರ್ನ್ ಒಲೆ ಇತ್ತು. ಅದರ ಸುತ್ತ ಎರಡು ಮಾರು ಜಾಗ ಮಾತ್ರ ಬೆಚ್ಚಗೆ. ಪಾಠ, ಊಟ, ಅಪ್ಪನ ರೇಡಿಯೊ, ಒಗೆದ ಬಟ್ಟೆ, ಜಗಳ, ಎಲ್ಲವೂ ಅಲ್ಲೇ. ಹದಿನೈದು ಅಡಿ ಎತ್ತರದ ಚಾವಣಿಯ ಮಲಗುವ ಕೋಣೆಗೆ ಹೋಗುವಾಗ ನದಿಗೆ ಇಳಿಯುವವರಂತೆ ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಕಿಟಕಿಯ ಒಳಗಾಜಿನ ಮೇಲೆ ಬೆಳಿಗ್ಗೆ ಮಂಜಿನ ಎಲೆಗಳು ಮೂಡಿರುತ್ತಿದ್ದವು, ಉಗುರಿನಿಂದ ಕೆರೆದರೆ ಪುಡಿ ಬೀಳುತ್ತಿತ್ತು.

ದೋಸೆಹಿಟ್ಟು ಹುದುಗು ಬರಿಸುವುದೇ ಒಂದು ಸಾಹಸ. ಬಿಸಿನೀರಿನ ಟ್ಯಾಂಕು ಇದ್ದ ಕಪಾಟಿನಲ್ಲಿ, ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಗಳ ನಡುವೆ, ಕಂಬಳಿ ಹೊದಿಸಿ ಪಾತ್ರೆ ಇಡುತ್ತಿದ್ದರು. ಒಂದು ದಿನ ಅದು ಉಕ್ಕಿ ಒಡತಿಯ ಅಜ್ಜಿಯ ಕಾಲದ ಲಿನನ್ ಮೇಲೆಲ್ಲ ಹರಿಯಿತು. ಆಕೆ ಬೆರಳಿನಿಂದ ಮುಟ್ಟಿ ಮೂಸಿ ನೋಡಿ, ಇದು ಬಿಯರೇ ಎಂದು ಕೇಳಿದ್ದರು.

ಇನ್ನೊಂದು ನೆನಪು ಗಂಟೆಗಳದ್ದು. ಅಡುಗೆಮನೆಯ ಹೊರಗಿನ ಓಣಿಯ ಗೋಡೆಯಲ್ಲಿ ಹಿತ್ತಾಳೆಯ ಗಂಟೆಗಳ ಸಾಲು, ಪ್ರತಿಯೊಂದರ ಕೆಳಗೆ ಕೋಣೆಯ ಹೆಸರು. ಮೇಲೆ ಯಾವುದೋ ಕೋಣೆಯಲ್ಲಿ ಹಿಡಿ ಎಳೆದರೆ ಗೋಡೆಯೊಳಗಿನ ತಂತಿ ಇಲ್ಲಿ ಗಂಟೆಯನ್ನು ಅಲ್ಲಾಡಿಸಬೇಕು. ಸದ್ದು ನಿಂತ ಮೇಲೂ ಗಂಟೆಯ ಕೆಳಗಿನ ಪುಟ್ಟ ಲೋಲಕ ತೂಗಾಡುತ್ತಲೇ ಇರುತ್ತಿತ್ತು. ಓಡಿಬರುವ ಆಳಿಗೆ ಯಾವ ಕೋಣೆಯಿಂದ ಕರೆ ಬಂತೆಂದು ತಿಳಿಯಬೇಕಲ್ಲ, ಅದಕ್ಕೆ. ನಮ್ಮ ಕಾಲಕ್ಕೆ ತಂತಿಗಳು ತುಂಡಾಗಿ, ಒಂದೇ ಒಂದು ಗಂಟೆ ಕೆಲಸ ಮಾಡುತ್ತಿತ್ತು. ಒಡತಿಗೆ ಮಾತು ಬೇಕೆನಿಸಿದಾಗ ಅದನ್ನು ಎಳೆಯುತ್ತಿದ್ದರು. ಅಮ್ಮ ಹೋಗುತ್ತಿರಲಿಲ್ಲ. "ನಾವು ಬಾಡಿಗೆ ಕೊಡುವವರು, ಗಂಟೆಗೆ ಓಡುವವರಲ್ಲ" ಎನ್ನುತ್ತಿದ್ದರು. ಐದು ನಿಮಿಷದ ನಂತರ ಒಡತಿಯೇ ಇಳಿದು ಬಂದು ಒಲೆಯ ಪಕ್ಕ ಕುಳಿತುಕೊಳ್ಳುತ್ತಿದ್ದರು.

ಇಂಥ ಮನೆಗಳಲ್ಲಿ ಇದ್ದವರು, ಕೆಲಸ ಮಾಡಿದವರು ಬರೆಯಿರಿ.

ಕಾಫಿ ಗಿಡ (ಶನಿವಾರ, ರಾತ್ರಿ 9.48)

ಅಕ್ಕ, ಮೊದಲು ಇದನ್ನು ಹೇಳಿ: ದೆವ್ವ ಇತ್ತೋ ಇಲ್ಲವೋ?

ಡೀ ದಂಡೆಯವಳು (ಶನಿವಾರ, ರಾತ್ರಿ 10.05)

ಡೀ ದಂಡೆಯಲ್ಲಿ ದೆವ್ವವಿಲ್ಲದ ಮನೆಗೆ ಮರ್ಯಾದೆ ಇಲ್ಲ. ಅದೇ ರಸ್ತೆಯಲ್ಲಿರುವ ಕ್ರಾಥೆಸ್ ಕೋಟೆಯಲ್ಲಿ ಮಗುವನ್ನೆತ್ತಿಕೊಂಡ ಹಸಿರುಡುಗೆಯ ಹೆಂಗಸು ಓಡಾಡುತ್ತಾಳೆ ಎಂಬ ಕಥೆ ಬಹಳ ಪ್ರಸಿದ್ಧ. ನಮ್ಮ ಮನೆಯದು ಬಡ ದೆವ್ವ. ರಾತ್ರಿ ಗೋಡೆಯೊಳಗೆ ಕೆರೆಯುವ ಸದ್ದು, ಯಾರೋ ಗೊಣಗಿದಂತೆ. ಎರಡು ವಾರ ಅಮ್ಮ ವಿಷ್ಣು ಸಹಸ್ರನಾಮ ಓದಿದರು. ಆಮೇಲೆ ಚಿಮಣಿ ಗುಡಿಸುವವನು ಬಂದು ಎರಡು ಚೀಲ ಕಡ್ಡಿ ಹೊರತೆಗೆದ. ಜ್ಯಾಕ್‌ಡಾ ಎಂಬ ಸಣ್ಣ ಜಾತಿಯ ಕಾಗೆ ಅಲ್ಲಿ ಸಂಸಾರ ಹೂಡಿತ್ತು. ಶ್ರಾದ್ಧಕ್ಕೆ ಈ ದೇಶದಲ್ಲಿ ಕಾಗೆ ಎಲ್ಲಿ ಹುಡುಕಲಿ ಎಂದು ಅಪ್ಪ ಕೊರಗುತ್ತಿದ್ದರು, ಮನೆಯೊಳಗೇ ಇತ್ತು.

ಸುಣ್ಣ ಗಾರೆ (ಭಾನುವಾರ, ಬೆಳಿಗ್ಗೆ 7.30)

ನಾನು ಹಳೆಯ ಕಟ್ಟಡಗಳ ದುರಸ್ತಿಯ ಎಂಜಿನಿಯರು. ಪರ್ತ್‌ಶೈರಿನಲ್ಲಿ ಕೆಲಸ, ವಾಸ ಮಾತ್ರ ಬುದ್ಧಿವಂತರಂತೆ ಹೊಸ ಫ್ಲ್ಯಾಟಿನಲ್ಲಿ.

ಅಕ್ಕ ಬಣ್ಣಿಸಿದ್ದು 'ಸ್ಕಾಟಿಷ್ ಬ್ಯಾರೋನಿಯಲ್' ಎಂಬ ಶೈಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಬರ್ನ್, ಡೇವಿಡ್ ಬ್ರೈಸ್ ಮೊದಲಾದ ವಾಸ್ತುಶಿಲ್ಪಿಗಳು ಹಳೆಯ ಗೋಪುರ ಮನೆಗಳ ವೇಷವನ್ನು ಹೊಸ ಶ್ರೀಮಂತರ ಮನೆಗಳಿಗೆ ತೊಡಿಸಿದರು. 1856ರಲ್ಲಿ ರಾಣಿ ವಿಕ್ಟೋರಿಯಾಳ ಬ್ಯಾಲ್ಮೊರಲ್ ಅರಮನೆ ಮುಗಿದ ಮೇಲಂತೂ ಡೀ ಕಣಿವೆಯಲ್ಲಿ ಎಲ್ಲರಿಗೂ ಗೋಪುರ ಬೇಕಾಯಿತು. ಶತ್ರುಗಳೇ ಇಲ್ಲದ ಕಾಲದಲ್ಲಿ ಕಟ್ಟಿದ ಕೋಟೆಗಳು ಇವು. ನಿಜವಾದ ಹಳೆಯದನ್ನು ನೋಡಬೇಕಿದ್ದರೆ ಕ್ರೇಗಿವಾರಿಗೆ ಹೋಗಿ. ಗುಲಾಬಿ ಬಣ್ಣದ ಆ ಎತ್ತರದ ಮನೆ ಹದಿನೇಳನೆಯ ಶತಮಾನದ್ದು, 1963ರಿಂದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನ ವಶದಲ್ಲಿದೆ.

ಚಳಿಯ ಬಗ್ಗೆ ಒಂದು ಮಾತು. ಈ ಮನೆಗಳು ತಣ್ಣಗಿರಲಿ ಎಂದು ಕಟ್ಟಿದವಲ್ಲ. ಕೋಣೆಗೊಂದು ಬೆಂಕಿ, ಆ ಬೆಂಕಿಗಳನ್ನು ನೋಡಿಕೊಳ್ಳಲು ಹತ್ತಾರು ಆಳು ಎಂಬ ಲೆಕ್ಕದಲ್ಲಿ ಕಟ್ಟಿದವು. ದಿನವೂ ಉರಿಯುವ ಬೆಂಕಿ ಗೋಡೆಯ ತೇವವನ್ನು ಒಣಗಿಸುತ್ತಿತ್ತು, ಚಿಮಣಿ ಒಳಗಿನ ಹಸಿ ಗಾಳಿಯನ್ನು ಹೊರಗೆಳೆಯುತ್ತಿತ್ತು. ಮೊದಲ ಮಹಾಯುದ್ಧದ ನಂತರ ಆಳುಗಳೂ ಹೋದರು, ಬೆಂಕಿಯೂ ಹೋಯಿತು. ಉಳಿದದ್ದು ನೆನೆದ ಕಲ್ಲು. ಅದರ ಮೇಲೆ ಸುಣ್ಣದ ಗಾರೆ ಕೆತ್ತಿ ಸಿಮೆಂಟು ಬಳಿದವರಿದ್ದಾರಲ್ಲ, ಅವರ ಬಗ್ಗೆ ಬರೆದರೆ ನನ್ನ ಭಾಷೆ ಕೆಡುತ್ತದೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಕೂಡಿಹಾಕುತ್ತದೆ. ಆಗ ತೊಲೆಗಳಿಗೆ ಬೂಷ್ಟು ಹಿಡಿಯುತ್ತದೆ. ಡ್ರೈ ರಾಟ್ ಎಂದು ಅದಕ್ಕೆ ಹೆಸರು. ಹೆಸರಿನಲ್ಲಷ್ಟೇ ಒಣ, ತೇವವಿಲ್ಲದೆ ಹುಟ್ಟುವುದೇ ಇಲ್ಲ. ಅಣಬೆಯ ವಾಸನೆ, ನೆಲದ ಮೇಲೆ ಕುಂಕುಮ ಚೆಲ್ಲಿದಂಥ ಕೆಂಪು ಪುಡಿ ಕಂಡರೆ ಆ ಮನೆಯ ಯಜಮಾನ ಏನನ್ನಾದರೂ ಮಾರಬೇಕೆಂದೇ ಅರ್ಥ. ಕಲ್ಲುಗೋಡೆಯ ಸಂದಿಯೊಳಗೆ ನೂಲಿನಂತೆ ಹರಿದು ಇನ್ನೊಂದು ಪಕ್ಕದ ಮರವನ್ನು ಹುಡುಕಿಕೊಂಡು ಹೋಗುತ್ತದೆ ಅದು.

ಹಿಂಬಾಗಿಲು (ಭಾನುವಾರ, ಬೆಳಿಗ್ಗೆ 11.15)

ನಾನು ದೊಡ್ಡ ಮನೆಯಲ್ಲಿ ಎರಡು ವರ್ಷ ಇದ್ದೆ, ಆದರೆ ಆಳಾಗಿ. 2006ರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಹೋದವನು, ಕೋಟೆಯೊಂದನ್ನು ಹೋಟೆಲ್ ಮಾಡಿದ್ದಲ್ಲಿ ಅಡುಗೆ ಸಹಾಯಕನಾದೆ. ವಸತಿ ಉಚಿತ ಎಂದು ಹೇಳಿ, ಮೊದಲ ಸಂಬಳದಲ್ಲೇ ವಸತಿಯ ಹಣ ಮುರಿದುಕೊಂಡರು. ಹೆಸರು ಬೇಡ ಬಿಡಿ.

ಕೋಣೆ ಮಾಡಿನ ಕೆಳಗೆ. ನೆಟ್ಟಗೆ ನಿಂತರೆ ತಲೆಗೆ ತೊಲೆ. ಅಲ್ಲಿಗೆ ಹೋಗುವುದು ಹಿಂದಿನ ಸುತ್ತುಮೆಟ್ಟಿಲಿನಿಂದ. ಆ ಕಲ್ಲಿನ ಮೆಟ್ಟಿಲುಗಳ ನಡುಭಾಗ ಸವೆದು ತಟ್ಟೆಯಂತಾಗಿತ್ತು. ನೂರೈವತ್ತು ವರ್ಷ ಬೂದಿಯ ಬಕೆಟ್ಟು, ಬಿಸಿನೀರಿನ ಹೂಜಿ ಹೊತ್ತ ಹೆಣ್ಣುಮಕ್ಕಳು ಸವೆಸಿದ್ದು. ಮುಂದಿನ ಓಕ್ ಮೆಟ್ಟಿಲು ಒಂದಿಷ್ಟೂ ಸವೆದಿರಲಿಲ್ಲ, ಅದಕ್ಕೆ ರತ್ನಗಂಬಳಿ ಇತ್ತು. ಎರಡೂ ಮೆಟ್ಟಿಲುಗಳ ನಡುವೆ ಹಸಿರು ಉಣ್ಣೆಬಟ್ಟೆ ಹೊದಿಸಿದ ಬಾಗಿಲು, ಸದ್ದು ಮತ್ತು ಒಗ್ಗರಣೆಯ ವಾಸನೆ ಆ ಕಡೆ ದಾಟಬಾರದೆಂದು. ಮುಂಬಾಗಿಲಿನಿಂದ ನಾನು ಹಾದದ್ದು ಒಮ್ಮೆ ಮಾತ್ರ, ಕೆಲಸ ಬಿಟ್ಟ ದಿನ ಸೂಟ್‌ಕೇಸ್ ಹಿಡಿದು.

ಇಷ್ಟಾದರೂ ಜೂನ್ ತಿಂಗಳ ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದು ಮುಗಿಸಿ ಆ ಸಣ್ಣ ಕಿಟಕಿಯಲ್ಲಿ ಕುಳಿತರೆ ಇನ್ನೂ ಬೆಳಕು ಇರುತ್ತಿತ್ತು, ಗುಡ್ಡದ ಮೇಲೆ ಜಿಂಕೆಗಳು ಕಾಣುತ್ತಿದ್ದವು. ಸಾವಿರಾರು ಪೌಂಡು ಕೊಟ್ಟ ಅತಿಥಿಗಳು ಆ ಹೊತ್ತಿಗೆ ಪರದೆ ಎಳೆದುಕೊಂಡು ಮಲಗಿರುತ್ತಿದ್ದರು.

ಗುಣಾಕಾರ (ಭಾನುವಾರ, ಮಧ್ಯಾಹ್ನ 2.40)

ನೆನಪು ಚೆನ್ನಾಗಿದೆ. ಆದರೆ ಈ ಮನೆಗಳ ಹಣ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ಜಮೈಕಾದ ಗುಲಾಮರ ಸಕ್ಕರೆ, ಚೀನಾಕ್ಕೆ ಮಾರಿದ ಅಫೀಮು, ಭಾರತದ ಲೂಟಿ. ಲೂಯಿಸ್ ದ್ವೀಪದ ಲ್ಯೂಸ್ ಕ್ಯಾಸಲ್ ಕಟ್ಟಿಸಿದ ಜೇಮ್ಸ್ ಮ್ಯಾಥಿಸನ್ ಅಫೀಮಿನ ವ್ಯಾಪಾರಿ. ಈವಂಟನ್ ಊರಿನ ಮೇಲಿರುವ ಫೈರಿಷ್ ಗುಡ್ಡದಲ್ಲಿ ಭಾರತದಲ್ಲಿ ಕಾದಿದ ಸೇನಾಪತಿ ಹೆಕ್ಟರ್ ಮನ್ರೋ ಕಟ್ಟಿಸಿದ ಸ್ಮಾರಕ ನಮ್ಮ ನಾಗಪಟ್ಟಣದ ಕೋಟೆಬಾಗಿಲಿನ ನಕಲು. ಶ್ರೀರಂಗಪಟ್ಟಣಕ್ಕೆ ನುಗ್ಗಿದ ಡೇವಿಡ್ ಬೇರ್ಡ್ ಕೊನೆಗಾಲ ಕಳೆದದ್ದೂ ಕ್ರೀಫ್ ಹತ್ತಿರದ ಇಂಥದ್ದೇ ಮನೆಯಲ್ಲಿ. ನಾವು ಅಲ್ಲಿ ಬಾಡಿಗೆ ಕೊಟ್ಟು ಚಳಿಯಲ್ಲಿ ನಡುಗಿದ್ದನ್ನು ಸವಿನೆನಪು ಎನ್ನುತ್ತೇವೆ!

ಡೀ ದಂಡೆಯವಳು (ಭಾನುವಾರ, ಸಂಜೆ 4.10)

ಗುಣಾಕಾರ ಅವರೇ, ಕೇಳದೆ ಇರಲಿಲ್ಲ. ನಮ್ಮ ಒಡತಿಯೇ ಹೇಳಿದ್ದರು, ಅವರ ಮುತ್ತಜ್ಜ ಸೆಣಬಿನಲ್ಲಿ ಹಣ ಮಾಡಿದವರು. ಬಂಗಾಳದ ಸೆಣಬು ಹಡಗಿನಲ್ಲಿ ಡಂಡೀಗೆ ಬರುತ್ತಿತ್ತು, ತಿಮಿಂಗಿಲದ ಎಣ್ಣೆ ಹಾಕಿ ಮೆದುಮಾಡಿ ಗಿರಣಿಗಳಲ್ಲಿ ನೇಯುತ್ತಿದ್ದರು. ಇದನ್ನು ಕೇಳಿ ಅಮ್ಮ, ಅಕ್ಕಿ ತುಂಬಿ ಊರಿನಿಂದ ತಂದಿದ್ದ ಗೋಣಿಚೀಲವನ್ನು ಮುಂಬಾಗಿಲಲ್ಲಿ ಕಾಲೊರಸಿಗೆ ಹಾಸಿದರು. ಒಡತಿಗೆ ಅರ್ಥವಾಯಿತೋ ಇಲ್ಲವೋ, ನಕ್ಕರು. ಅದು ನಾವು ಬಿಡುವವರೆಗೂ ಅಲ್ಲೇ ಇತ್ತು.

ಆ ಹಣದಲ್ಲಿ ಉಳಿದದ್ದೇನು ಗೊತ್ತೇ? ಆಕೆ ಮೊಟ್ಟೆಯ ಚಿಪ್ಪಿನ ಒಳಗನ್ನೂ ಬೆರಳಿನಿಂದ ಬಳಿಯುತ್ತಿದ್ದರು. ನಮ್ಮ ಬಾಡಿಗೆ ನೇರವಾಗಿ ಮಾಡಿನ ಹೆಂಚಿಗೆ ಹೋಗುತ್ತಿತ್ತು.

ಹಳೇ ಕಾಗದ (ಭಾನುವಾರ, ಸಂಜೆ 6.00)

ಗುಣಾಕಾರ ಅವರ ಮಾತಿಗೆ ಬಾಲಂಗೋಚಿ. ಬೇರ್ಡ್ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬೇಡಿಯಲ್ಲಿದ್ದವನು. ಕೈದಿಗಳನ್ನು ಜೋಡಿಜೋಡಿಯಾಗಿ ಕಟ್ಟಿಹಾಕಿದ್ದಾರೆಂದು ಕೇಳಿದ ಅವನ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಗತಿ ಏನೋ ಎಂದು ಮರುಗಿದಳೆಂಬ ಕಥೆ ಸ್ಕಾಟ್ಲೆಂಡಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅವನ ಫರ್ನ್‌ಟವರ್ ಮನೆ ಈಗಿಲ್ಲ. ಹೆಂಡತಿ ನಿಲ್ಲಿಸಿದ ಸ್ಮಾರಕಸ್ತಂಭ ಗುಡ್ಡದ ಮೇಲಿದೆ.

ನನಗೆ ಹೆಚ್ಚು ಆಪ್ತವಾದದ್ದು ಇನ್ನೊಂದು ಮನೆ, ಕ್ಯಾಲೆಂಡರ್ ಊರಿನ ಹತ್ತಿರದ ಲೆನಿ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಡೆಗೆ ನೆಲೆಸಿದ್ದು ಅಲ್ಲಿ. ನಮ್ಮ ಅಡಿಕೆ ತೋಟ, ಮೆಣಸಿನ ಬಳ್ಳಿ, ರಾಗಿ ಹೊಲ, ನೇಕಾರರ ಮಗ್ಗ, ಎಲ್ಲವನ್ನೂ ಊರೂರಿನಲ್ಲಿ ಕೇಳಿ ಬರೆದುಕೊಂಡವನು. ಆ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. 1829ರಲ್ಲಿ ಬೇರ್ಡ್ ಸತ್ತ, ಅದೇ ವರ್ಷ ಬುಕಾನನ್ ಕೂಡ. ನಮ್ಮ ಊರುಗಳನ್ನು ಕಂಡಿದ್ದ ಎರಡು ಜೊತೆ ಕಣ್ಣುಗಳು ಒಂದೇ ವರ್ಷ ಪರ್ತ್‌ಶೈರಿನಲ್ಲಿ ಮುಚ್ಚಿದವು. ಲೆಕ್ಕ ಕೇಳುವಾಗ ಕೋಟೆಗೆ ನುಗ್ಗಿದವನನ್ನೂ ರಾಗಿಯ ಬೆಲೆ ಬರೆದುಕೊಂಡವನನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಗುಣಾಕಾರ (ಭಾನುವಾರ, ಸಂಜೆ 6.25)

ಬರೆದುಕೊಂಡದ್ದು ಕಂದಾಯ ಎತ್ತುವವರಿಗಾಗಿ, ಸ್ವಾಮಿ. ತಕ್ಕಡಿ ಅವರದ್ದೇ.

ಹಳೇ ಕಾಗದ (ಭಾನುವಾರ, ಸಂಜೆ 6.31)

ಒಪ್ಪಿದೆ. ಆದರೂ ಓದಿ ನೋಡಿ.

ಕಾಫಿ ಗಿಡ (ಭಾನುವಾರ, ರಾತ್ರಿ 8.15)

ತೆರಿಗೆ ತಪ್ಪಿಸಲು ಅಲ್ಲಿನವರು ತಾವೇ ಮನೆಯ ಮಾಡು ಕಿತ್ತರಂತೆ, ನಿಜವೇ? ನನಗೆ ಇದು ಕಟ್ಟುಕಥೆ ಎನಿಸುತ್ತದೆ.

ಸುಣ್ಣ ಗಾರೆ (ಭಾನುವಾರ, ರಾತ್ರಿ 8.50)

ನಿಜ. ಆಗ ಮಾಡು ಇದ್ದರೆ ಮಾತ್ರ ಕಟ್ಟಡಕ್ಕೆ ಸ್ಥಳೀಯ ತೆರಿಗೆ, ಮಾಡು ಇಲ್ಲದಿದ್ದರೆ ಅದು ಬರೀ ಗೋಡೆ. ಡ್ರೈಮನ್ ಬಳಿಯ ಬುಕಾನನ್ ಕ್ಯಾಸಲ್ಲಿನ ಮಾಡನ್ನು 1954ರಲ್ಲಿ, ಆರ್ಗೈಲಿನ ಪೊಲ್ಟಾಲಕ್ ಮನೆಯ ಮಾಡನ್ನು 1957ರಲ್ಲಿ ತೆಗೆದರು. ಸೀಸದ ತಗಡು, ಸ್ಲೇಟು, ತೊಲೆ ಮಾರಿದ ದುಡ್ಡೂ ಸಿಗುತ್ತಿತ್ತು. ಬುಕಾನನ್ ಕ್ಯಾಸಲ್ ಯುದ್ಧದಲ್ಲಿ ಆಸ್ಪತ್ರೆಯಾಗಿತ್ತು. 1941ರಲ್ಲಿ ಹಿಟ್ಲರನ ಸಹಾಯಕ ರುಡಾಲ್ಫ್ ಹೆಸ್ ವಿಮಾನದಿಂದ ಧುಮುಕಿ ಸಿಕ್ಕಿಬಿದ್ದಾಗ ಅವನನ್ನು ಕೆಲಕಾಲ ಇಟ್ಟದ್ದೂ ಅಲ್ಲೇ. ಈಗ ಕಿಟಕಿಗಳಲ್ಲಿ ಮರ ಬೆಳೆದಿದೆ.

ಎಲ್ಲಕ್ಕಿಂತ ವಿಚಿತ್ರ ಹ್ಯಾಮಿಲ್ಟನ್ ಅರಮನೆಯದು. ಅದರ ಒಡೆಯರಾದ ಹ್ಯಾಮಿಲ್ಟನ್ ಡ್ಯೂಕರ ಸಂಪತ್ತಿನಲ್ಲಿ ಕಲ್ಲಿದ್ದಲಿನದು ದೊಡ್ಡ ಪಾಲು. ಗಣಿ ಅಗೆಯುತ್ತಾ ಅಗೆಯುತ್ತಾ ಅರಮನೆಯ ಬುಡದ ನೆಲವೇ ಕುಸಿಯತೊಡಗಿ, 1920ರ ದಶಕದಲ್ಲಿ ಅದನ್ನು ಕೆಡವಿದರು. ಗುಣಾಕಾರ ಅವರಿಗೆ ಇದು ಇಷ್ಟವಾಗಬಹುದು.

ಗುಣಾಕಾರ (ಭಾನುವಾರ, ರಾತ್ರಿ 8.58)

ಬಹಳ ಇಷ್ಟವಾಯಿತು.

ತುಂಗಾ ತೀರ (ಭಾನುವಾರ, ರಾತ್ರಿ 9.30)

ಅಕ್ಕ, ಬಕೆಟ್ಟಿನ ಕಥೆ ಎಲ್ಲಿ? ನಿನ್ನೆಯಿಂದ ಕಾಯುತ್ತಿದ್ದೇನೆ.

ಡೀ ದಂಡೆಯವಳು (ಭಾನುವಾರ, ರಾತ್ರಿ 10.40)

ಹೇಳುತ್ತೇನೆ. ಇದು ನಿಜವಾಗಿ ಅಪ್ಪನ ಕಾಲ್ಗುಣದ ಕಥೆ.

ಡಿಸೆಂಬರ್ 31ರ ರಾತ್ರಿಗೆ ಅಲ್ಲಿ ಹಾಗ್ಮನೇ ಎನ್ನುತ್ತಾರೆ. ಹನ್ನೆರಡು ಹೊಡೆದ ಮೇಲೆ ಹೊಸ್ತಿಲು ದಾಟುವ ಮೊದಲ ವ್ಯಕ್ತಿಯ ಕಾಲ್ಗುಣ ಇಡೀ ವರ್ಷಕ್ಕೆ ತಟ್ಟುತ್ತದೆಂಬ ನಂಬಿಕೆ. ಬರುವವನು ಗಂಡಸಾಗಿರಬೇಕು, ಎತ್ತರವಿರಬೇಕು, ತಲೆಗೂದಲು ಕಪ್ಪಗಿರಬೇಕು. ಹೊಂಗೂದಲಿನವನು ಬಂದರೆ ಅಪಶಕುನ, ಹಿಂದೆ ಕೊಡಲಿ ಹಿಡಿದು ಬಂದ ವೈಕಿಂಗರ ನೆನಪಂತೆ. ಕೈಯಲ್ಲಿ ಒಂದು ತುಂಡು ಕಲ್ಲಿದ್ದಲು, ಕೇಕು, ವಿಸ್ಕಿ ತರಬೇಕು. ಮನೆ ಬೆಚ್ಚಗಿರಲಿ, ಹೊಟ್ಟೆ ತುಂಬಿರಲಿ ಎಂದು.

ನಮ್ಮ ಅಪ್ಪ ಆರಡಿ ಎತ್ತರ, ಕಾಡಿಗೆಯಂಥ ಕೂದಲು. ಸುತ್ತಮುತ್ತ ಎಲ್ಲರೂ ಕೆಂಚುಗೂದಲಿನವರು. ಎರಡು ವರ್ಷ ಒಡತಿ ಸಂಕೋಚದಿಂದ ಸುಮ್ಮನಿದ್ದು, 1981ರ ಕೊನೆಯಲ್ಲಿ ಬಾಯಿಬಿಟ್ಟು ಕೇಳಿದರು. ಅಪ್ಪ ಹನ್ನೊಂದು ಐವತ್ತಕ್ಕೆ ಹಿಂಬಾಗಿಲಿನಿಂದ ಹೊರಟು, ಹಿಮದಲ್ಲಿ ಮನೆಯನ್ನು ಸುತ್ತುಹಾಕಿ ಮುಂಬಾಗಿಲು ತಟ್ಟಿದರು. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ ವಿಸ್ಕಿ ಬಾಟಲಿಯನ್ನು ತೀರ್ಥದ ಗಿಂಡಿಯಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಬಲಗಾಲಿಟ್ಟು ಒಳಗೆ ಬನ್ನಿ ಎಂದು ಅಮ್ಮ ಒಳಗಿನಿಂದಲೇ ಹೇಳಿಕೊಟ್ಟರು. ಒಡತಿ ಕಣ್ಣೊರೆಸಿಕೊಂಡರು. ಆಮೇಲೆ ಅಪ್ಪನನ್ನು ಊರಿನ ಇನ್ನೂ ನಾಲ್ಕು ಮನೆಗೆ ಕರೆದೊಯ್ದರು.

ಹತ್ತೇ ದಿನ. ಜನವರಿ 10ರಂದು ನಮ್ಮ ಮೇಲಿನ ಬ್ರೇಮಾರಿನಲ್ಲಿ ಮೈನಸ್ 27.2 ಡಿಗ್ರಿ ಸೆಲ್ಸಿಯಸ್. ಬ್ರಿಟನ್ನಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ ಅದು. 1895ರಲ್ಲೂ ಅದೇ ಊರಿನಲ್ಲಿ ಅಷ್ಟೇ ಇಳಿದಿತ್ತು. ನಮ್ಮಲ್ಲಿ ಎಷ್ಟಿತ್ತೋ, ಅಪ್ಪನ ಕಾರಿನ ಬಾಗಿಲು ತೆರೆಯಲಿಲ್ಲ, ಹಾಲು ಬಾಟಲಿಯನ್ನು ಒಡೆದು ಹೊರಗೆ ನಿಂತಿತ್ತು. ನಾವು ನಾಲ್ವರೂ ಒಡತಿಯೂ ನಾಯಿಗಳೂ ಅಡುಗೆಮನೆಯಲ್ಲೇ ಹಾಸಿಗೆ ಹಾಸಿದೆವು. ಒಡತಿಗೆ ಮಂಚ ಬೇಡವೇ ಎಂದು ಅಪ್ಪ ಕೇಳಿದರೆ, ಬಾಲ್ಯದಲ್ಲಿ ಚಳಿಯಾದಾಗ ದಾಸಿಯರ ಜೊತೆ ಇಲ್ಲೇ ಮಲಗುತ್ತಿದ್ದೆ, ಅಮ್ಮನಿಗೆ ಹೇಳಬೇಡಿ ಎಂದರು. ಅವರ ಅಮ್ಮ ಸತ್ತು ನಲವತ್ತು ವರ್ಷವಾಗಿತ್ತು.

ಕೊಳವೆಗಳು ಹೆಪ್ಪುಗಟ್ಟಿದಾಗ ಏನೂ ತಿಳಿಯುವುದಿಲ್ಲ. ಒಡೆದದ್ದು ಗೊತ್ತಾಗುವುದು ಕರಗುವಾಗ. ಕೆಲವು ದಿನ ಕಳೆದು ಗಾಳಿ ತಿರುಗಿದ ಮಧ್ಯಾಹ್ನ, ಮೇಲೆಲ್ಲೋ ಯಾರೋ ಅಕ್ಕಿ ಸುರಿದಂತೆ ಸದ್ದು. ಓಡಿ ನೋಡಿದರೆ ದೊಡ್ಡ ಹಜಾರದ ಚಾವಣಿ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಗಾರೆಯ ಹೂಬಳ್ಳಿ, ದ್ರಾಕ್ಷಿಗೊಂಚಲು, ಸಿಂಹದ ಮುಖ ಎಲ್ಲ ಒಂದೇ ಏಟಿಗೆ ಕೆಳಗೆ ಬಂದವು. ಅಪ್ಪ ನೀರಿನ ನಲ್ಲಿ ನಿಲ್ಲಿಸಲು ನೆಲಮಾಳಿಗೆಗೆ ಇಳಿದರೆ, ಅಮ್ಮ ಬಕೆಟ್ಟು ಹಿಡಿದರು. ಫೋಟೊ ಆ ಸಂಜೆಯದು. ಮಲೆನಾಡಿನಲ್ಲಿ ಸೋರುವ ಮನೆಯಲ್ಲೇ ಬೆಳೆದವಳು ನಾನು, ಇದೇನು ಮಹಾ ಎನ್ನುತ್ತಾ ಇಪ್ಪತ್ತಮೂರು ಪಾತ್ರೆ ಸಾಲಾಗಿ ಇಟ್ಟಿದ್ದರು. ಅದರಲ್ಲಿ ಒಂದು ಬೆಳ್ಳಿಯ ಸೂಪಿನ ಬೋಗುಣಿ, ಒಂದು ನಮ್ಮ ಇಡ್ಲಿ ಪಾತ್ರೆ.

ನಿಮ್ಮ ಕಾಲ್ಗುಣ ಚೆನ್ನಾಗಿದೆ ಎಂದು ಅಮ್ಮ ಆ ರಾತ್ರಿ ಹೇಳಿದ್ದು ಅಪ್ಪನಿಗೆ ಕೊನೆಯವರೆಗೂ ನೆನಪಿತ್ತು. ಆದರೆ ಮರುವರ್ಷದ ಡಿಸೆಂಬರಿನಲ್ಲಿ ಒಡತಿ ಮತ್ತೆ ಅಪ್ಪನನ್ನೇ ಕರೆದರು. ಬೇರೆಯವರು ಬಂದಿದ್ದರೆ ಮಾಡೇ ಬೀಳುತ್ತಿತ್ತು ಎಂದು ಅವರ ವಾದ.

ಸುಣ್ಣ ಗಾರೆ (ಭಾನುವಾರ, ರಾತ್ರಿ 11.02)

ಮಾಡಿನ ಸಂದಿನಲ್ಲಿ ನೀರು ಹರಿಯುವ ಸೀಸದ ದೋಣಿಯಲ್ಲಿ ಹಿಮ ತುಂಬಿ ನೀರು ಒಳಗೆ ತಿರುಗುವುದೂ ಇದೆ. ಹಿಮ ತೆಗೆಯಲು ಮರದ ಸಲಿಕೆ ಇತ್ತೇ? ಕಬ್ಬಿಣದ್ದು ಸೀಸವನ್ನು ಸೀಳುತ್ತದೆ.

ಡೀ ದಂಡೆಯವಳು (ಭಾನುವಾರ, ರಾತ್ರಿ 11.10)

ಇತ್ತು, ಮಾಳಿಗೆಯ ಬಾಗಿಲ ಹಿಂದೆ ಎರಡು. ಅದು ಯಾಕೆ ಮರದ್ದು ಎಂದು ನನಗೆ ಇವತ್ತು ತಿಳಿಯಿತು. ನಾವು ಅದರಲ್ಲಿ ಕುಳಿತು ಗುಡ್ಡದಿಂದ ಜಾರುತ್ತಿದ್ದೆವು.

ಒಡತಿ ತೀರಿಕೊಂಡ ಮೇಲೆ ಮನೆಯನ್ನು ಆರು ಫ್ಲ್ಯಾಟ್ ಮಾಡಿದ್ದಾರೆ. ತಮ್ಮ ಮೂರು ವರ್ಷದ ಹಿಂದೆ ಹೋಗಿದ್ದ. ಗಂಟೆಗಳ ಸಾಲು ಹಾಗೆಯೇ ಇದೆಯಂತೆ, ಕೆಳಗೆ ಸೈಕಲ್ ನಿಲ್ಲಿಸುತ್ತಾರೆ. ಗೋಡೆ ಕಟ್ಟಿದ ಹಣ್ಣಿನ ತೋಟ ಕಾರುಗಳ ಜಾಗವಾಗಿದೆ. ಅಮ್ಮನಿಗೆ ನೋವಾದದ್ದು ಅದೊಂದಕ್ಕೆ. ಅಲ್ಲಿ ಗೂಸ್‌ಬೆರಿ ಗಿಡಗಳ ಸಾಲಿತ್ತು. ಅಮ್ಮ ಅದನ್ನು ಸೀಮೆ ನೆಲ್ಲಿಕಾಯಿ ಎಂದು ಕರೆದು, ಎಳೆಯದಿರುವಾಗಲೇ ಕೊಯ್ದು ಮಾವಿನಮಿಡಿಯ ಕ್ರಮದಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದರು. ಒಡತಿ ಅದನ್ನು ಟೋಸ್ಟಿನ ಮೇಲೆ ಬೆಣ್ಣೆಯ ಜೊತೆ ಹಚ್ಚಿಕೊಳ್ಳುತ್ತಿದ್ದರು.

ತುಂಗಾ ತೀರ (ಸೋಮವಾರ, ಬೆಳಿಗ್ಗೆ 6.50)

ನಾನು ಇನ್ವರ್ನೆಸ್ಸಿನಲ್ಲಿದ್ದೇನೆ, ಹಿತ್ತಿಲಲ್ಲಿ ಮೂರು ಗೂಸ್‌ಬೆರಿ ಗಿಡವಿದೆ. ಆ ಕ್ರಮ ಬರೆದು ಪುಣ್ಯ ಕಟ್ಟಿಕೊಳ್ಳಿ.

ಡೀ ದಂಡೆಯವಳು (ಸೋಮವಾರ, ಬೆಳಿಗ್ಗೆ 8.05)

ಅಮ್ಮನನ್ನೇ ಕೇಳಿ ಬರೆಯುತ್ತಿದ್ದೇನೆ. ಕಾಯಿ ಹಸಿರಾಗಿ ಗಟ್ಟಿಯಿರಬೇಕು. ತುದಿ, ತೊಟ್ಟು ಎರಡನ್ನೂ ಕತ್ತರಿಸಿ, ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ. ಪಿಂಗಾಣಿ ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಕಲ್ಲುಪ್ಪು. ಐದಾರು ದಿನಕ್ಕೆ ನೀರು ಬಿಡುತ್ತದೆ. ಆ ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ. ಒಣಮೆಣಸು, ಸಾಸಿವೆ, ಸ್ವಲ್ಪ ಅರಿಸಿನ ಪುಡಿಮಾಡಿ ಅದೇ ನೀರಿನಲ್ಲಿ ಕಲಸಿ ಕಾಯಿಗೆ ಬೆರೆಸಿ. ಮೆಣಸು, ಸಾಸಿವೆಗಳನ್ನು ಬಿಸಿಲಿಗೆ ಒಣಗಿಸಬೇಕು. ಅಲ್ಲಿ ಬಿಸಿಲಿಲ್ಲ, ರೇಬರ್ನ್ ಒಲೆಯ ಮೇಲಿನ ಬಟ್ಟೆ ಒಣಗಿಸುವ ಸರಳಿಗೆ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಬಿಡುತ್ತಿದ್ದೆ ಎನ್ನುತ್ತಿದ್ದಾರೆ. ನಿಮ್ಮಲ್ಲಿ ರೇಡಿಯೇಟರ್ ಇದ್ದರೆ ಸಾಕು. ಹುರಿಯಬೇಡಿ, ಹುರಿದರೆ ಕಹಿ ಬರುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆ ಎಂದು ಒಳಗಿನಿಂದ ಕೂಗುತ್ತಿದ್ದಾರೆ.